ತಣ್ಣಗಿರುವ ಎಂಜಿನ್, ದಪ್ಪಗಿರುವ ಫೈಲು

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ದೂರ ಪ್ರಯಾಣಕ್ಕೆಂದೇ ಮಾಡಿದ ಹಳೆಯದೊಂದು ಟೂರಿಂಗ್ ಬೈಕು ಮಾರಾಟಕ್ಕಿದೆ ಎಂದು ತಿಳಿದು ನೋಡಲು ಹೋಗಿದ್ದೆ. ಯುರೋಪಿನಲ್ಲಿ ತಯಾರಾದದ್ದು. ಯಾವ ಕಂಪನಿಯದು ಎಂಬ ಮಾತು ಬೇಡ, ತಪ್ಪು ಬೈಕಿನದಾಗಿರಲಿಲ್ಲ. ಫೋನಿನಲ್ಲಿ ಮಾತನಾಡುವಾಗಲೇ ಮಾಲೀಕರಲ್ಲಿ ಒಂದೇ ಒಂದು ವಿನಂತಿ ಮಾಡಿಕೊಂಡಿದ್ದೆ: "ದಯವಿಟ್ಟು ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ." "ಆಗಲಿ, ಅದಕ್ಕೇನಂತೆ" ಎಂದಿದ್ದರು. ಹೋಗಿ ನೋಡಿದರೆ ಬೈಕು ಮದುಮಗನ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಟೈರಿಗೂ ಪಾಲಿಶ್. ಅದು ಇದು ಮಾತನಾಡುತ್ತಲೇ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು. ಮಾಲೀಕರ ಮುಖ ನೋಡಿದೆ. "ಹೊರಗೆ ತರುವುದಕ್ಕೆಂದು ಒಂದು ನಿಮಿಷ..." ಎಂದರು. ಒಂದು ನಿಮಿಷಕ್ಕೆ ಅಷ್ಟು ದಪ್ಪ ಲೋಹ ಕಾಯುವುದಿಲ್ಲ. ನಾನು ಟೋಪಿ ಹಾಕಿಸಿಕೊಳ್ಳದೆ ಮರಳಿದೆ.

ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಬ್ಯಾಟರಿ ಸೋತಿದ್ದರೆ, ಸ್ಟಾರ್ಟರ್ ಕ್ಲಚ್ ಜಾರುತ್ತಿದ್ದರೆ, ಎಂಜಿನ್ನಿನೊಳಗಿನ ಚೈನಿನ ಬಿಗಿ ಕಾಯುವ ಟೆನ್ಷನರ್ ಸವೆದಿದ್ದರೆ, ಅದೆಲ್ಲ ಹೊರಬೀಳುವುದು ದಿನದ ಮೊದಲ ಅರ್ಧ ನಿಮಿಷದಲ್ಲಿ. ಆ ಅರ್ಧ ನಿಮಿಷವನ್ನು ಯಾರಾದರೂ ನಮ್ಮಿಂದ ಮುಚ್ಚಿಟ್ಟರೆ ಉಳಿದ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಯುರೋಪಿನ ಹಳೆಯ ಟೂರಿಂಗ್ ಬೈಕು ಎಂದರೆ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಅಂಥ ಬೈಕು ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ದಣಿಯದು ಎನ್ನುವವರು ಒಂದು ಕಡೆ. ಅದನ್ನು ಸಾಕುವುದೆಂದರೆ ಬಿಳಿ ಆನೆ ಸಾಕಿದಂತೆ ಎನ್ನುವವರು ಇನ್ನೊಂದು ಕಡೆ. ನನ್ನ ಅನುಭವದಲ್ಲಿ ಇಬ್ಬರೂ ಹೇಳುತ್ತಿರುವುದು ನಿಜ, ಆದರೆ ಬೇರೆ ಬೇರೆ ಬೈಕುಗಳ ಬಗ್ಗೆ. ಒಂದೇ ಕಾರ್ಖಾನೆಯಿಂದ ಒಂದೇ ವಾರ ಹೊರಬಿದ್ದ ಎರಡು ಬೈಕುಗಳಲ್ಲಿ ಒಂದು ಆನೆಯಾಗಬಹುದು, ಇನ್ನೊಂದು ಮನೆಯ ಹಸುವಾಗಬಹುದು. ವ್ಯತ್ಯಾಸ ಇರುವುದು ನಡುವಿನ ಇಪ್ಪತ್ತು ವರ್ಷಗಳನ್ನು ಅದು ಯಾರ ಕೈಯಲ್ಲಿ, ಹೇಗೆ ಕಳೆಯಿತು ಎಂಬುದರಲ್ಲಿ.

ಎಲ್ಲರ ಕಣ್ಣೂ ಮೊದಲು ಬೀಳುವುದು ಓಡೋಮೀಟರಿನ ಮೇಲೆ. ಕಡಿಮೆ ಓಡಿದ ಬೈಕು ಒಳ್ಳೆಯ ಬೈಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನಗೆ ಭಯ ಹುಟ್ಟಿಸುವುದು ಆ ಕಡಿಮೆ ಓಡಿದ ಬೈಕೇ. ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತ ಬೈಕಿನಲ್ಲಿ ಏನೇನು ನಡೆಯುತ್ತದೆ ನೋಡಿ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಅದಕ್ಕಾಗಿಯೇ 2 ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಬದಲಿಸದೆ ಬಿಟ್ಟರೆ ಒಳಗಿನ ಪಿಸ್ಟನ್ನುಗಳಿಗೆ ತುಕ್ಕು ಹಿಡಿಯುತ್ತದೆ. ರಬ್ಬರ್ ಕೊಳವೆಗಳು ಬಿರುಕು ಬಿಡುತ್ತವೆ, ಸೀಲುಗಳು ಗಟ್ಟಿಯಾಗುತ್ತವೆ, ಪೆಟ್ರೋಲ್ ಅಂಟಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತುಂಬಿ ಬಿಟ್ಟಿದ್ದರೆ ಕೆಲವು ಬೈಕುಗಳ ನೈಲಾನ್ ಟ್ಯಾಂಕ್ ಉಬ್ಬಿ, ಬಿಚ್ಚಿದ ಮೇಲೆ ಮತ್ತೆ ಬೋಲ್ಟುಗಳ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಇವಾವುವೂ ಓಡೋಮೀಟರಿನಲ್ಲಿ ಕಾಣುವುದಿಲ್ಲ.

ಟೈರು ಮಾತ್ರ ವಯಸ್ಸನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಮಾಲೀಕರು "ಮೊನ್ನೆ ತಾನೇ ಟೈರು ಹಾಕಿಸಿದೆ" ಎನ್ನುವಾಗ ಬಗ್ಗಿ ಆ ಅಂಕಿ ಓದಿ. ಹಲವು ಬಾರಿ ಬೈಕಿನ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಮಾಲೀಕರದ್ದೂ ಮುಗಿಯುತ್ತದೆ.

ಈಗ ಅಪಾಯವನ್ನು ತೂಗುವ ಮಾತಿಗೆ ಬರೋಣ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಫೋರ್ಕ್ ಸೀಲು ಇವೆಲ್ಲ ಅಪಾಯಗಳಲ್ಲ, ಖರ್ಚುಗಳು. ಬರುವುದು ಖಚಿತ, ಎಷ್ಟೆಂಬುದೂ ಗೊತ್ತು. ಒಂದು ಹಾಳೆಯಲ್ಲಿ ಬರೆದು, ಮೊತ್ತವನ್ನು ಬೈಕಿನ ಬೆಲೆಗೆ ಕೂಡಿಸಿಬಿಟ್ಟರೆ ತಲೆನೋವಿಲ್ಲ. ನಿಜವಾದ ಅಪಾಯ ಇರುವುದು, ಕೆಟ್ಟರೆ ಬೈಕಿನ ಅರ್ಧ ಬೆಲೆಯನ್ನೇ ನುಂಗಬಲ್ಲ ಮೂರು ನಾಲ್ಕು ಭಾಗಗಳಲ್ಲಿ. ಅವು ಯಾವುವು ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

ಎರಡು ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಚಾಚಿಕೊಂಡಿರುವ ಬಿಎಂಡಬ್ಲ್ಯು ಬಾಕ್ಸರ್ ಎಂಜಿನ್ನಿನ ಆರ್‌ಟಿ ಬೈಕುಗಳನ್ನೇ ತೆಗೆದುಕೊಳ್ಳಿ. ಟೂರಿಂಗ್ ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವ ಹೆಸರು ಅದು. ಚೈನ್ ಇಲ್ಲ, ಎಣ್ಣೆ ಹಚ್ಚುವ ಗೋಜಿಲ್ಲ. ಶಾಫ್ಟ್ ತಿರುಗಿ ಹಿಂದಿನ ಚಕ್ರದ ಪಕ್ಕದಲ್ಲಿರುವ ಫೈನಲ್ ಡ್ರೈವ್ ಎಂಬ ಗೇರ್ ಪೆಟ್ಟಿಗೆಯ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಆ ಪೆಟ್ಟಿಗೆಯೊಳಗಿನ ದೊಡ್ಡ ಬೇರಿಂಗ್ ಕೆಲವು ಬೈಕುಗಳಲ್ಲಿ ಅವಧಿಗೆ ಮುನ್ನ ಸವೆದಿದೆ. 2004ರ ನಂತರದ ಆರ್ 1200 ಸರಣಿಯ ಆರಂಭದ ವರ್ಷಗಳಲ್ಲಿ ಇದರ ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಕಂಪನಿ ಹೇಳಿತ್ತು. ಎಣ್ಣೆ ಇಳಿಸುವ ಬೋಲ್ಟನ್ನೂ ಇಟ್ಟಿರಲಿಲ್ಲ. ಬಳಿಕ ಮನಸ್ಸು ಬದಲಿಸಿ ಬೋಲ್ಟೂ ಬಂತು, ಎಣ್ಣೆ ಬದಲಿಸುವ ಸೂಚನೆಯೂ ಬಂತು. ಜೀವಮಾನ ಎಂದರೆ ಯಾರ ಜೀವಮಾನ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇದನ್ನು ಪರೀಕ್ಷಿಸುವ ಕ್ರಮ ಸರಳ. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಚಕ್ರದ ಬದಿಗೆ ಕುಳಿತು, ಒಂದು ಕೈಯನ್ನು ಟೈರಿನ ನೆತ್ತಿಯ ಮೇಲೆ, ಇನ್ನೊಂದನ್ನು ಅದರ ಬುಡದಲ್ಲಿ ಇಟ್ಟು, ಮೇಲಿನದನ್ನು ದೂಡುತ್ತಾ ಕೆಳಗಿನದನ್ನು ಸೆಳೆಯಿರಿ. ಟಕ್ ಎಂದು ಸಣ್ಣ ಆಟ ಕೈಗೆ ತಗಲಿದರೆ ಅದು ಎಲ್ಲಿಂದ ಬರುತ್ತಿದೆ ನೋಡಬೇಕು. ಹಿಂದಿನ ಚಕ್ರ ಹೊತ್ತ ತೋಳಾದ ಸ್ವಿಂಗ್ ಆರ್ಮಿನ ಕೀಲಿನಿಂದ ಬರುತ್ತಿದ್ದರೆ ಅಷ್ಟೇನೂ ಚಿಂತೆಯಿಲ್ಲ, ಆ ರಿಪೇರಿ ಚಿಕ್ಕದು. ಚಕ್ರವೇ ಪೆಟ್ಟಿಗೆಗೆ ಎದುರಾಗಿ ಅಲುಗುತ್ತಿದ್ದರೆ ಬೇರಿಂಗಿನ ಕಥೆ ಶುರುವಾಗಿದೆ. ಅನಂತರ ಬೆರಳನ್ನು ಚಕ್ರ ಮತ್ತು ಪೆಟ್ಟಿಗೆಯ ನಡುವಿನ ಸಂದಿಯಲ್ಲಿ ಆಡಿಸಿ. ಒಣಗಿದ್ದರೆ ಸರಿ. ಎಣ್ಣೆ ಅಂಟಿದರೆ ಸೀಲ್ ಹೋಗಿದೆ, ಹಲವು ಬಾರಿ ಸೀಲಿನ ಹಿಂದೆಯೇ ಬೇರಿಂಗೂ ಹೊರಟಿರುತ್ತದೆ. ಎಣ್ಣೆ ಇಳಿಸಲು ಮಾಲೀಕರು ಒಪ್ಪಿದರೆ ಇನ್ನೂ ಒಳ್ಳೆಯದು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಮುಲಾಮಿನಂಥ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಅದು ಸಹಜ ಸವೆತ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಾಗ ಹೊಳೆಯುವ ಚೂರೊಂದು ಚುಚ್ಚಿದರೆ, ಕೈ ತೊಳೆದುಕೊಂಡು ಹೊರಡಿ.

ಇದೇ ಸರಣಿಯ ಬೈಕುಗಳಲ್ಲಿ ಹಿಂದಿನ ಚಕ್ರವನ್ನು ಹಿಡಿದಿರುವ ಅಲ್ಯೂಮಿನಿಯಂ ಫ್ಲ್ಯಾಂಜ್ ಬಿರುಕು ಬಿಡಬಹುದೆಂದು 2015ರಲ್ಲಿ ಕಂಪನಿಯೇ ಬೈಕುಗಳನ್ನು ವಾಪಸು ಕರೆದು ತಪಾಸಣೆ ಮಾಡಿತು. ಬೈಕಿನ 17 ಅಕ್ಷರ–ಅಂಕಿಗಳ ಚಾಸಿಸ್ ಸಂಖ್ಯೆಯನ್ನು ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಎಂಬುದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ತಿಳಿಯುತ್ತದೆ. ಇದಕ್ಕೂ ಹಿಂದೆ, 2001ರಿಂದ 2006ರವರೆಗಿನ ಕೆಲವು ಟೂರಿಂಗ್ ಮಾದರಿಗಳಲ್ಲಿ ವಿದ್ಯುತ್ ಮೋಟಾರಿನ ನೆರವಿನ ಬ್ರೇಕ್ ಇತ್ತು. ಲಿವರ್ ಹಿಡಿದರೆ ಸಾಕು, ಗುಂಯ್ ಎಂಬ ಸದ್ದು ಕೇಳುತ್ತದೆ. ಸರಿಯಿದ್ದಾಗ ಎರಡು ಬೆರಳಿನಲ್ಲಿ ಬೈಕು ನಿಲ್ಲುತ್ತದೆ. ಆ ಘಟಕ ಕೈಕೊಟ್ಟಾಗ ಬ್ರೇಕ್ ಪೂರ್ತಿ ಹೋಗದಿದ್ದರೂ ಮುಷ್ಟಿಯ ಬಲವೆಲ್ಲ ಹಾಕಬೇಕಾಗುತ್ತದೆ. ಹೊಸ ಘಟಕದ ಬೆಲೆ ಕೇಳಿದ ಮೇಲೆ ಬಹಳ ಜನ ಆ ವ್ಯವಸ್ಥೆಯನ್ನೇ ಕಿತ್ತುಹಾಕಿ ಸಾದಾ ಬ್ರೇಕಿಗೆ ಮರಳಿದ್ದಾರೆ. ಹಾಗೆ ಕಿತ್ತ ಕೆಲಸ ಯಾರು ಮಾಡಿದರು, ಹೇಗೆ ಮಾಡಿದರು ಎಂದು ಕೇಳದೆ ಅಂಥ ಬೈಕು ಏರಬೇಡಿ.

ಡುಕಾಟಿಯ ಲೆಕ್ಕ ಬೇರೆ. 1997ರ ಎಸ್‌ಟಿ 2, ಅನಂತರದ ಎಸ್‌ಟಿ 4, ಎಸ್‌ಟಿ 3, ಬಳಿಕ 2010ರ ಮಲ್ಟಿಸ್ಟ್ರಾಡಾ 1200 ಇವೆಲ್ಲ ಡೆಸ್ಮೋ ಎಂಜಿನ್ನುಗಳು. ಎಂಜಿನ್ನಿನೊಳಕ್ಕೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವನ್ನು ಮುಚ್ಚುವ ಕೆಲಸವನ್ನು ಸ್ಪ್ರಿಂಗಿಗೆ ಬಿಡದೆ ಅದಕ್ಕೂ ರಾಕರ್ ಎಂಬ ಒಂದು ಸನ್ನೆಕೋಲು ಇಟ್ಟಿದ್ದಾರೆ. ಹಾಗಾಗಿ ಹೊಂದಿಸುವ ಕೆಲಸ ಇಮ್ಮಡಿ, ಬಲ್ಲ ಕೈ ಬೇಕು. ವಾಲ್ವುಗಳನ್ನು ಆಡಿಸುವ ಕ್ಯಾಮ್‌ಗಳನ್ನು ತಿರುಗಿಸುವುದು ರಬ್ಬರ್ ಬೆಲ್ಟು. ಹಳೆಯ ಮಾದರಿಗಳಲ್ಲಿ ಬೈಕು ಓಡಲಿ ಬಿಡಲಿ 2 ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದ್ದರಿಂದ ಬೆಲ್ಟ್ ಬದಲಿಸಿದ ರಸೀದಿಯಿಲ್ಲದ ಡುಕಾಟಿಯನ್ನು ಬೆಲ್ಟ್ ಇಲ್ಲದ ಡುಕಾಟಿ ಎಂದೇ ಭಾವಿಸಿ ಬೆಲೆ ಕಟ್ಟಿ. ಮಲ್ಟಿಸ್ಟ್ರಾಡಾ ವಿ 4 ಬರುವ ಹೊತ್ತಿಗೆ ಕಂಪನಿ ಡೆಸ್ಮೋ ಬಿಟ್ಟು ಸ್ಪ್ರಿಂಗಿಗೆ ಮರಳಿ, ವಾಲ್ವ್ ತಪಾಸಣೆಯನ್ನು 60,000 ಕಿಲೋಮೀಟರಿಗೆ ಮುಂದೂಡಿತು. ದೂರ ಹೋಗುವವರ ಗೊಣಗಾಟ ಅವರ ಕಿವಿಗೂ ಬಿದ್ದಿರಬೇಕು.

ಇಟಲಿಯ ಮೋಟೋ ಗುಜ್ಜಿ ಕಂಪನಿಯ ನಾರ್ಜ್ ಅಥವಾ ಸ್ಟೆಲ್ವಿಯೋ ನೋಡುವವರು, 8 ವಾಲ್ವಿನ 1200 ಎಂಜಿನ್ ಇದ್ದರೆ, ಕ್ಯಾಮಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ, ಬೇಗ ಸವೆಯುವ ಚಪ್ಪಟೆ ಟ್ಯಾಪೆಟ್ ತೆಗೆದು ರೋಲರ್ ಟ್ಯಾಪೆಟ್ ಹಾಕಿಸಲಾಗಿದೆಯೇ ಎಂಬ ಒಂದೇ ಪ್ರಶ್ನೆ ಕೇಳಿದರೆ ಸಾಕು. ಮಾಲೀಕರಿಗೆ ಪ್ರಶ್ನೆಯೇ ಅರ್ಥವಾಗದಿದ್ದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಇಷ್ಟೆಲ್ಲ ಕೇಳಿ ಕೆಲವರಿಗೆ ಅನ್ನಿಸಬಹುದು: ಇಷ್ಟು ದೋಷ ಹೊತ್ತ ಬೈಕುಗಳ ಸಹವಾಸವೇ ಬೇಡ, ದೂರು ಕೇಳಿಬಾರದ ಮಾದರಿಯೊಂದನ್ನು ಹುಡುಕೋಣ ಎಂದು. ನಾನು ಇದಕ್ಕೆ ವಿರುದ್ಧವಾಗಿ ಯೋಚಿಸುತ್ತೇನೆ. ದೋಷಕ್ಕೆ ಹೆಸರು ಬಂದಿದೆ ಎಂದರೆ ಸಾವಿರಾರು ಜನ ಆ ಬೈಕನ್ನು ಓಡಿಸಿದ್ದಾರೆ, ಕೆಡಿಸಿಕೊಂಡಿದ್ದಾರೆ, ಸರಿಪಡಿಸುವ ದಾರಿ ಕಂಡುಕೊಂಡಿದ್ದಾರೆ ಎಂದರ್ಥ. ಬಿಡಿಭಾಗ ಸಿಗುತ್ತದೆ, ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ದೂರೇ ಇಲ್ಲದ ಮಾದರಿ ಎಷ್ಟೋ ಬಾರಿ ಓಡಿಸುವವರೇ ಇಲ್ಲದ ಮಾದರಿ. 2001ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ಮರೆಯಾದ ಅಪ್ರಿಲಿಯಾ ಫ್ಯೂಚುರಾ ನನಗೆ ಬಹಳ ಇಷ್ಟದ ಬೈಕು. ಅದರ ರೋಟ್ಯಾಕ್ಸ್ ಎಂಜಿನ್ ಗಟ್ಟಿಮುಟ್ಟು. ಆದರೆ ನಿಂತಲ್ಲೇ ಒಮ್ಮೆ ಪಕ್ಕಕ್ಕೆ ಉರುಳಿ ಫೇರಿಂಗ್ ಎಂಬ ಹೊರಕವಚ ಒಡೆಯಿತೆನ್ನಿ, ಆ ಪ್ಲಾಸ್ಟಿಕ್ ತುಂಡಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾದೀತು. ಟೂರಿಂಗ್ ಬೈಕುಗಳ ಮೈತುಂಬ ಪ್ಲಾಸ್ಟಿಕ್, ತೂಕ ಎಷ್ಟೋ ಬಾರಿ 250 ಕೆ.ಜಿ.ಗೂ ಹೆಚ್ಚು. ಬೀಳದೆ ಇರುವ ಬೈಕು ಅಪರೂಪ.

ಕೊನೆಯ ತೂಕ ನಿಮ್ಮದೇ. ಬೈಕು ಎರಡು ತಿಂಗಳು ಬಿಡಿಭಾಗಕ್ಕಾಗಿ ಕಾಯುತ್ತಾ ನಿಂತರೆ ನಿಮ್ಮ ಕೆಲಸ ನಿಲ್ಲುತ್ತದೆಯೇ? ಓಡಾಟಕ್ಕೆ ಇರುವುದು ಅದೊಂದೇ ವಾಹನವಾದರೆ, ನನ್ನ ಸಲಹೆ ಬೇಡವೆಂದೇ. ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲ, ಬಲ್ಲವರೊಬ್ಬರು ಹತ್ತಿರದಲ್ಲಿದ್ದಾರೆ, ಒಂದು ದೊಡ್ಡ ರಿಪೇರಿಯ ಹಣ ಪಕ್ಕಕ್ಕಿದೆ ಎನ್ನುವಂತಿದ್ದರೆ ಮುಂದುವರಿಯಿರಿ.

ಬೆಚ್ಚಗಿನ ಎಂಜಿನ್ನಿನ ಆ ಬೈಕನ್ನು ಬಿಟ್ಟುಬಂದ ಮೇಲೆ ನಾನು ಇನ್ನೊಬ್ಬರ ಮನೆಗೆ ಹೋದೆ. ಬಿಎಂಡಬ್ಲ್ಯು ಕೆ 100 ಆರ್‌ಟಿ. ಕೆ 100 ಸರಣಿ ಶುರುವಾದದ್ದು 1983ರಲ್ಲಿ. ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಒಂದು ಪಕ್ಕಕ್ಕೆ ಮಲಗಿಸಿ ಕೂರಿಸಿದ ವಿಚಿತ್ರ ಯಂತ್ರ. ಆ ಹಿರಿಯರು ಬೈಕನ್ನು ತೋರಿಸುವುದಕ್ಕಿಂತ ಮುಂಚೆ ಒಂದು ಫೈಲು ತಂದು ಮೇಜಿನ ಮೇಲೆ ಇಟ್ಟರು. ದಪ್ಪ ಎಷ್ಟಿತ್ತೆಂದರೆ ರಬ್ಬರ್ ಬ್ಯಾಂಡ್ ಸಾಲದೆ ದಾರ ಕಟ್ಟಿದ್ದರು. ರಸೀದಿಗಳ ಜೊತೆಗೆ ಒಂದು ನೋಟ್‌ಬುಕ್ಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿದ ದಿನ, ಆಗಿನ ಕಿಲೋಮೀಟರ್, ಟ್ಯಾಂಕಿನೊಳಗೆ ಪಂಪ್ ಹಿಡಿದಿರುವ ರಬ್ಬರ್ ಕರಗಿ ಕಪ್ಪು ಅಂಟಾದದ್ದು, ಬದಲಿಸಿದ್ದು, ಎಲ್ಲ ಗುಂಡು ಗುಂಡಾದ ಅಕ್ಷರಗಳಲ್ಲಿ. ಓಡಿದ್ದು ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. "ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ" ಎಂದರು. "ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಎಣ್ಣೆ ಸಿಲಿಂಡರಿನೊಳಕ್ಕೆ ಜಿನುಗುತ್ತದೆ, ಶುರುವಿಗೆ ಹೊಗೆ ಬರುತ್ತದೆ. ಹೆದರಬೇಡಿ. ಈ ಎಂಜಿನ್ನಿನ ಹುಟ್ಟುಗುಣ ಅದು." ಎಂಜಿನ್ ಮುಟ್ಟಿ ನೋಡಿದೆ. ಕಲ್ಲಿನಂತೆ ತಣ್ಣಗಿತ್ತು. ಕೀಲಿ ತಿರುಗಿಸಿದಾಗ ನೀಲಿ ಹೊಗೆಯ ಮೋಡವೊಂದು ಎದ್ದು, ಅರ್ಧ ನಿಮಿಷದಲ್ಲಿ ಕರಗಿತು. ಅಲ್ಲೇ ಮುಂಗಡ ಕೊಟ್ಟೆ.

ಈಗಲೂ ಮರೆತು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಮಾರನೆಯ ಬೆಳಗ್ಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಇಂದು ಬೆಳಗ್ಗೆ ಈ ನಿಲಯಕ್ಕೆ ಹೊರಡುವಾಗಲೂ ಮುಚ್ಚಿಕೊಂಡರು.

ನಮಸ್ಕಾರ.