ಮಾತ್ರೆ ನಿಲ್ಲಿಸುವ ಶೂರರಿಗೆ ಒಂದು ಮಾತು

ಕಳೆದ ಸಂಚಿಕೆಯ ಕೆಳಗೆ ಮಹನೀಯರೊಬ್ಬರು ಬರೆದಿದ್ದಾರೆ: "ಬೀಟಾ ಬ್ಲಾಕರ್ ತೆಗೆದುಕೊಂಡರೆ ಬರೀ ಸುಸ್ತು. ನಾನೇ ನಿಲ್ಲಿಸಿಬಿಟ್ಟೆ. ಹಾಯಾಗಿದ್ದೇನೆ. ನೀವು ಸುಮ್ಮನೆ ಹೆದರಿಸುತ್ತೀರಿ." ನನ್ನ ವಿಡಿಯೊಗಿಂತ ಈ ಕಾಮೆಂಟಿಗೇ ಹೆಚ್ಚು ಮೆಚ್ಚುಗೆ ಬಿದ್ದಿದೆ. ಆ ಹೊಟ್ಟೆಕಿಚ್ಚೂ ಸ್ವಲ್ಪ ಇದೆ ಎನ್ನಿ.

ಸುಸ್ತು ಸುಳ್ಳೆಂದು ನಾನು ಯಾವತ್ತೂ ಹೇಳಿಲ್ಲ. ಎದೆಬಡಿತ ಏರುಪೇರಾದವರಿಗೆ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ಕೊಡುವುದೇ ಅಡ್ರಿನಾಲಿನ್, ಅಂದರೆ ಗಾಬರಿಯಾದಾಗ, ಶ್ರಮಪಟ್ಟಾಗ ದೇಹ ಸುರಿಸುವ ಹಾರ್ಮೋನು, ಹೃದಯವನ್ನು ಓಡಿಸದಿರಲಿ ಎಂದು. ಆದರೆ ಮೆಟ್ಟಿಲು ಹತ್ತುವಾಗ ಹೃದಯ ಓಡಲೇಬೇಕಲ್ಲ? ಅದು ಓಡಲು ಒಪ್ಪುವುದಿಲ್ಲ, ಅರ್ಧ ಮೆಟ್ಟಿಲಿಗೆ ಕಾಲು ಭಾರವಾಗುತ್ತದೆ. ರಾತ್ರಿ ಕಂಬಳಿಯೊಳಗೂ ಪಾದ ತಣ್ಣಗೆ. ಪ್ರೊಪ್ರನೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್ ಮಿದುಳಿಗೂ ಸುಲಭವಾಗಿ ಹೋಗುವುದರಿಂದ ಕೆಲವರಿಗೆ ವಿಚಿತ್ರ ಕನಸುಗಳು. ಗಂಡಸರು ವೈದ್ಯರೆದುರು ಬಾಯಿಬಿಡದ ಇನ್ನೊಂದು ತೊಂದರೆಯೂ ಇದೆ, ಯಾವುದೆಂದು ನಿಮಗೆ ಗೊತ್ತು. ಎಲ್ಲವೂ ನಿಜ. ಹಾಗೆಂದು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ!

ಏಕೆಂದರೆ ಅಡ್ರಿನಾಲಿನ್‌ಗೆ ಹೃದಯದಲ್ಲಿ ಗ್ರಾಹಕಗಳಿವೆ, ಅಂದರೆ ಅದರ ಸಂದೇಶ ಹಿಡಿಯುವ ತಾಣಗಳು, ಮಾತ್ರೆ ಅವುಗಳಿಗೆ ಅಡ್ಡ ಕೂರುತ್ತದೆ. ಬಹುಕಾಲ ಅಡ್ಡ ಕೂತರೆ ದೇಹ ಅಂತಹ ಗ್ರಾಹಕಗಳನ್ನು ಇನ್ನಷ್ಟು ಹುಟ್ಟಿಸಿಕೊಳ್ಳುತ್ತದೆ. ಒಂದು ಬೆಳಗ್ಗೆ ಮಾತ್ರೆಯನ್ನು ಕಿತ್ತೆಸೆದರೆ ಹೆಚ್ಚಾದ ಅಷ್ಟಕ್ಕೂ ಅಡ್ರಿನಾಲಿನ್ ಒಮ್ಮೆಲೇ ಅಪ್ಪಳಿಸುತ್ತದೆ. ನಾಡಿ ನಾಗಾಲೋಟ, ರಕ್ತದೊತ್ತಡ ಮೇಲಕ್ಕೆ. ಹೃದಯದ ರಕ್ತನಾಳ ಮೊದಲೇ ಕಿರಿದಾಗಿದ್ದವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಅದಕ್ಕೇ ವೈದ್ಯರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಒಂದೆರಡು ವಾರ! ಅಷ್ಟೂ ತಾಳ್ಮೆ ಇಲ್ಲವೇ ಸ್ವಾಮಿ?

"ನನಗೇನೂ ಆಗಲಿಲ್ಲವಲ್ಲ" ಎನ್ನುತ್ತೀರಿ. ಸಂತೋಷ. ಕಣ್ಣು ಮುಚ್ಚಿ ರಸ್ತೆ ದಾಟಿ ಬದುಕಿದವರೂ ಇದ್ದಾರೆ, ಅವರೇನು ಅದಕ್ಕೆ ತರಗತಿ ನಡೆಸುವುದಿಲ್ಲ. "ಅದು ಲಯವನ್ನೇ ಸರಿಪಡಿಸುವುದಿಲ್ಲ, ಮತ್ತೇಕೆ ಬೇಕು?" ಎಂದು ಇನ್ನೊಬ್ಬ ಪಂಡಿತರು. ಹೌದು, ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆಯಲ್ಲಿ, ಅದರ ಮುಖ್ಯ ಕೆಲಸ ವೇಗ ತಗ್ಗಿಸುವುದು. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಕೊಡುವ ಮಾತ್ರೆ ಬೇರೆ, ಅದು ಯಾರಿಗೆ ಬೇಕೆಂಬ ಲೆಕ್ಕವೂ ಬೇರೆ. ವೇಗ ತಗ್ಗುವುದೇನು ಸಣ್ಣ ಉಪಕಾರವೇ? ವಾರಗಟ್ಟಲೆ ಬಿಡುವಿಲ್ಲದೆ ಓಡಿದರೆ ಹೃದಯದ ಸ್ನಾಯುವೇ ಸೋಲಬಹುದು. "ಅದೆಲ್ಲ ರಾಸಾಯನಿಕ" ಎನ್ನುವವರಿಗೆ ಉತ್ತರವಿಲ್ಲ. ಅಡ್ರಿನಾಲಿನ್ ಏನು ತೀರ್ಥವೇ?

ಅಂದ ಹಾಗೆ, ಪ್ರೊಪ್ರನೊಲಾಲ್ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಅದೇ ಮಾತ್ರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡರು, ಶೂಟಿಂಗ್‌ನಲ್ಲಿ ಅದಕ್ಕೆ ನಿಷೇಧ, ಕೈನಡುಕ ನಿಲ್ಲುತ್ತದೆ ನೋಡಿ. ಇಂತಹ ಕಥೆಗಳು ಇಷ್ಟವಾದರೆ ಚಾನೆಲ್‌ಗೆ ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ. ಒತ್ತಿದಿರಾ? ಸರಿ.

ತಲೆ ಸುತ್ತಿ ಬಿದ್ದರೆ, ಉಬ್ಬಸ ಕಾಣಿಸಿಕೊಂಡರೆ, ನಾಡಿ ತೀರಾ ಇಳಿದರೆ ನನ್ನ ವಿಡಿಯೊ ನೋಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಆಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕುಸಿದಾಗ ಎದೆ ಡವಗುಟ್ಟುವ ಮುನ್ಸೂಚನೆಯನ್ನು ಈ ಮಾತ್ರೆ ಮರೆಮಾಡಬಹುದು, ಬೆವರು ಮಾತ್ರ ಸಾಮಾನ್ಯವಾಗಿ ಮರೆಯಾಗುವುದಿಲ್ಲ. ಉಳಿದ ತೊಂದರೆಗಳಿಗೆ ಪ್ರಮಾಣ ತಗ್ಗಿಸಬಹುದು, ಬೇರೆ ಬೀಟಾ ಬ್ಲಾಕರ್ ಕೊಡಬಹುದು, ಬೇರೆ ಗುಂಪಿನ ಔಷಧಿಗೇ ಬದಲಿಸಬಹುದು. ದಾರಿ ಎಷ್ಟೊಂದಿವೆ! ಕೇಳಬೇಕಷ್ಟೆ. ಮೊಬೈಲ್ ಕೊಳ್ಳುವ ಮುನ್ನ ಹತ್ತು ಜನರನ್ನು ಕೇಳುತ್ತೀರಿ, ಹೃದಯದ ವಿಷಯಕ್ಕೆ ನಿಮ್ಮದೇ ನಿರ್ಧಾರ!

ನಿಲ್ಲಿಸಬೇಡಿ ಎಂದರೆ ನಿಲ್ಲಿಸಬೇಡಿ. ಏಕೆ ಎಂದು ಮತ್ತೆ ಕೇಳಬೇಡಿ, ಹೇಳಿ ಹೇಳಿ ನನ್ನದೇ ನಾಡಿ ಏರುತ್ತಿದೆ. ಆ ಮಹನೀಯರೇ, ಕಾಮೆಂಟ್ ಅಳಿಸುವುದಿಲ್ಲ, ಹೆದರಬೇಡಿ. ಅದರ ಮೇಲೆಯೇ ನನ್ನ ಉತ್ತರವನ್ನು ಪಿನ್ ಮಾಡಿದ್ದೇನೆ, ಮೆಚ್ಚುಗೆ ಅಲ್ಲಿಗೆ ಒತ್ತಿ. ಮುಂದಿನ ಸಂಚಿಕೆ ಸ್ಮಾರ್ಟ್‌ವಾಚ್ ನೋಡಿ ನೋಡಿಯೇ ಎದೆಬಡಿತ ಹೆಚ್ಚಿಸಿಕೊಳ್ಳುವವರ ಬಗ್ಗೆ.