ಹಿಮ್ಮಡಿಯ ವೇ ಬಿಲ್

ನಮಸ್ಕಾರ. 31 ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಇದು, ಹಾಗಾಗಿ ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡಿಕೊಂಡರೂ ನಡೆಯುತ್ತದೆ. ಮಡಿಕೇರಿ–ವಿರಾಜಪೇಟೆ ರೂಟಿನಲ್ಲಿ ಓಡಾಡಿದವರಿಗೆ ನನ್ನ ಮುಖ ನೆನಪಿಲ್ಲದಿದ್ದರೂ, 'ಮೂರ್ನಾಡು ಇಳಿಯೋರು ಮುಂದೆ ಬನ್ನಿ' ಅನ್ನುವ ದನಿ ನೆನಪಿರಬಹುದು. ಆ ಕಂಡಕ್ಟರ್ ನಾನೇ. ರಿಟೈರ್ ಆಗಿ ಎಂಟು ತಿಂಗಳಾಯಿತು.

ಓಟ ಶುರು ಮಾಡಿದ್ದು 47ನೇ ವಯಸ್ಸಿನಲ್ಲಿ. ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರ್ ಹೆದರಿಸಿದ್ದರು, ಅಷ್ಟೇ, ದೊಡ್ಡ ಆಸೆ ಏನೂ ಇರಲಿಲ್ಲ. ಕೊಡಗಿನಲ್ಲಿ ಆಟ ಅಂದರೆ ಹಾಕಿ ಅಲ್ವಾ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕುಟುಂಬಗಳ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡ ಸೇರಿ ಗಿನ್ನೆಸ್ ದಾಖಲೆ ಆಯಿತು. ಅಂಥ ಊರಲ್ಲಿ ಒಬ್ಬ ಕಂಡಕ್ಟರ್ ಬೆಳಗಿನ ಜಾವ ಚಡ್ಡಿ ಹಾಕಿಕೊಂಡು ರೋಡಿನಲ್ಲಿ ಒಬ್ಬನೇ ಓಡುತ್ತಿದ್ದರೆ ಜನ ಏನಂದುಕೊಳ್ಳಬೇಕು? ಪಕ್ಕದ ಮನೆಯ ಅಜ್ಜ ಒಮ್ಮೆ ಕೇಳಿಯೇ ಬಿಟ್ಟರು, "ಬಾಲೂ ಇಲ್ಲ, ಗೋಲೂ ಇಲ್ಲ, ಎಂಥ ಓಟ ಮಾರಾಯ ಅದು?" ಉತ್ತರ ಇವತ್ತಿಗೂ ಹೊಳೆದಿಲ್ಲ. ಆದರೂ ಹತ್ತು ವರ್ಷದಲ್ಲಿ ಎಂಟು ಫುಲ್ ಮ್ಯಾರಥಾನ್ ಓಡಿದೆ. ನನ್ನ ಒಳ್ಳೆಯ ಟೈಮ್ 4 ಗಂಟೆ 11 ನಿಮಿಷ.

ಆಮೇಲೆ ಪೆಟ್ಟಾಯಿತು. ನವೆಂಬರ್ ತಿಂಗಳು, ಮಂಜು ಇನ್ನೂ ಎದ್ದಿರಲಿಲ್ಲ. ಮೇಕೇರಿಯಿಂದ ಮಡಿಕೇರಿ ಕಡೆ ಏರು ಹತ್ತುತ್ತಿದ್ದೆ. ಬಲಗಾಲ ಹಿಮ್ಮಡಿಯ ಮೇಲೆ ಯಾರೋ ಚಿಟಿಕೆ ಹೊಡೆದ ಹಾಗಾಯಿತು. ಬಿದ್ದಿಲ್ಲ, ಕೂಗಿಲ್ಲ, ಸಿನಿಮಾದಲ್ಲಿ ಆಗುವ ಹಾಗೆ ಏನೂ ಆಗಲಿಲ್ಲ. ಮನೆಗೆ ಕುಂಟಿಕೊಂಡು ಬಂದೆ, ಬಿಸಿನೀರು ಹಾಕಿದೆ, ಡ್ಯೂಟಿಗೆ ಹೋದೆ. ಮಾರನೇ ದಿನ ಹಾಸಿಗೆಯಿಂದ ಇಳಿದು ನೆಲಕ್ಕೆ ಕಾಲಿಟ್ಟಾಗ ಗೊತ್ತಾಯಿತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು.

ನಾವೆಲ್ಲ ಅದನ್ನು 'ಹಿಮ್ಮಡಿ ನರ' ಅನ್ನುತ್ತೇವೆ. ನರ ಅಲ್ಲ ಅದು. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹಗ್ಗ, ಡಾಕ್ಟರುಗಳ ಬಾಯಲ್ಲಿ ಅಕಿಲಿಸ್ ಟೆಂಡನ್. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಹಲವು ಪಟ್ಟು ಭಾರ ಆ ಹಗ್ಗದ ಮೇಲೆ ಬೀಳುತ್ತದೆ, ಏರು ಹತ್ತುವಾಗ ಹಿಮ್ಮಡಿ ಕೆಳಕ್ಕೆ ಜಗ್ಗುವುದರಿಂದ ಇನ್ನೂ ಜಾಸ್ತಿ ಎಳೆತ, ನಮ್ಮ ಕೊಡಗಿನಲ್ಲಿ ಏರು ಇಲ್ಲದ ರೋಡು ಹುಡುಕಬೇಕಾದರೆ ಕುಶಾಲನಗರಕ್ಕೇ ಹೋಗಬೇಕು. ಮತ್ತೆ ಆ ಹಗ್ಗಕ್ಕೆ ರಕ್ತ ಹೋಗುವುದೇ ಕಡಿಮೆ. ಮಾಂಸಖಂಡ ಬೇಗ ಕೂಡಿಕೊಳ್ಳುತ್ತದೆ, ಇದು ಅಷ್ಟು ಬೇಗ ಕೂಡಿಕೊಳ್ಳುವುದಿಲ್ಲ. 58ನೇ ವಯಸ್ಸಿನಲ್ಲಂತೂ ಕೇಳಲೇಬೇಡಿ.

ಇಲ್ಲಿ ನನ್ನ ದಡ್ಡತನ ಹೇಳಬೇಕು. ಹತ್ತು ವಾರ ಸುಮ್ನೆ ಕೂತೆ. ನೋವು ಹೋಯಿತು. ವಾಸಿಯಾಯಿತು ಅಂದುಕೊಂಡೆ. ಫೆಬ್ರವರಿಯಲ್ಲಿ ಒಂದು ದಿನ ಮೂರ್ನಾಡಿನಿಂದ ಬೇತ್ರಿ ಹೊಳೆಯವರೆಗೆ ಹೋಗಿ ಬರೋಣ ಅಂತ ಹೊರಟೆ, ಉಸಿರು ಚೆನ್ನಾಗಿತ್ತು, ಕಾಫಿ ಹೂವಿನ ವಾಸನೆ ಬೇರೆ, ವೇಗ ತಾನಾಗಿ ಏರಿತು. ವಾಪಸ್ ಬಂದದ್ದು ಗೂಡ್ಸ್ ಆಟೋದಲ್ಲಿ, ಕೋಳಿ ಫೀಡ್ ಮೂಟೆಗಳ ನಡುವೆ. ಕೂತಿದ್ದರಿಂದ ನೋವು ಹೋಗಿತ್ತೇ ಹೊರತು ಹಗ್ಗಕ್ಕೆ ಬಲ ಬಂದಿರಲಿಲ್ಲ. ವಯಸ್ಸಾದವರಿಗೆ ಇದೊಂದು ಮೋಸ. ಉಸಿರು ಬೇಗ ವಾಪಸ್ ಬರುತ್ತದೆ, ಕಾಲಿನ ಹಗ್ಗ ತಡ. ಉಸಿರಿನ ಮಾತು ಕೇಳಿದರೆ ಕೆಟ್ಟೆವು.

ಒಬ್ಬರು ಡಾಕ್ಟರ್ ನನ್ನ ಕಾಲು ಮುಟ್ಟದೆಯೇ, "ಈ ವಯಸ್ಸಲ್ಲಿ ಯಾಕ್ರೀ ಇದೆಲ್ಲ, ವಾಕಿಂಗ್ ಮಾಡಿ" ಅಂದರು. ಯಾರು, ಎಲ್ಲಿ ಅಂತ ಹೇಳುವುದಿಲ್ಲ, ಬಿಡಿ. ಕೊನೆಗೆ ಮೈಸೂರಿನಲ್ಲಿ ಒಬ್ಬಳು ಫಿಸಿಯೋಥೆರಪಿಸ್ಟ್ ಸಿಕ್ಕಳು, ನನ್ನ ಮಗಳ ವಯಸ್ಸು. ಮುಕ್ಕಾಲು ಗಂಟೆ ಕಾಲು ನೋಡಿದಳು. ಆಮೇಲೆ ಸ್ವೀಡನ್ನಿನ ಆಲ್ಫ್ರೆಡ್ಸನ್ ಅನ್ನುವ ಮೂಳೆ ಡಾಕ್ಟರ್ ಕಥೆ ಹೇಳಿದಳು. ಅವರಿಗೇ ಈ ನೋವಿತ್ತಂತೆ. ಆಪರೇಷನ್ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲ. ಸಿಟ್ಟಿಗೆ, ಹಾಳಾಗಿಯೇ ಹೋಗಲಿ, ಆಗಲಾದರೂ ಮಾಡುತ್ತಾರೆ ಅಂತ ಆ ಕಾಲಿನ ಮೇಲೆಯೇ ಭಾರ ಹಾಕಿ ಹಾಕಿ ವ್ಯಾಯಾಮ ಮಾಡಿದರು. ಹಾಳಾಗುವ ಬದಲು ವಾಸಿಯಾಯಿತು! 1998ರಲ್ಲಿ ಅದನ್ನೇ ಓಟಗಾರರ ಮೇಲೆ ಪರೀಕ್ಷಿಸಿ ಪ್ರಕಟಿಸಿದರು.

ವ್ಯಾಯಾಮ ನೋಡಲು ಏನೂ ಅಲ್ಲ. ಜಗಲಿ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಇಟ್ಟು ನಿಲ್ಲಬೇಕು, ಹಿಮ್ಮಡಿ ಗಾಳಿಯಲ್ಲಿ. ಒಳ್ಳೆಯ ಕಾಲಿನ ಬಲದಲ್ಲಿ ಮೇಲೇಳಬೇಕು. ಆಮೇಲೆ ನೋವಿರುವ ಕಾಲೊಂದರ ಮೇಲೆಯೇ ನಿಧಾನಕ್ಕೆ, ತುಂಬಿದ ಕೊಡ ಇಳಿಸಿದ ಹಾಗೆ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಕು. 15 ಸಲ, ಮೂರು ಸುತ್ತು. ಮಂಡಿ ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ. ಬೆಳಿಗ್ಗೆ, ಸಂಜೆ. ಒಟ್ಟು ದಿನಕ್ಕೆ 180. ಸುಲಭ ಅನ್ನಿಸಿದ ಮೇಲೆ ಬೆನ್ನಿಗೆ ಭಾರ ಹೊರಬೇಕು. ನಾನು ಮಗನ ಹಳೇ ಸ್ಕೂಲ್ ಬ್ಯಾಗಿಗೆ 5 ಕೆ.ಜಿ. ಅಕ್ಕಿ ತುಂಬಿಕೊಂಡೆ. ಮನೆ ನಾಯಿ ಮೊದಲ ವಾರ ಎದುರು ಕೂತು ನೋಡಿತು, ಎರಡನೇ ವಾರ ಅದಕ್ಕೂ ಬೇಜಾರಾಯಿತು.

ನೋವಾದರೆ ನಿಲ್ಲಿಸಲೇ ಅಂತ ಕೇಳಿದೆ. ಆ ಹುಡುಗಿ ಹೇಳಿದ ಮಾತು ನನಗೆ ತುಂಬ ಹಿಡಿಸಿತು. ಹತ್ತಕ್ಕೆ ಐದರವರೆಗೆ ನೋವು ಬರಬಹುದು ಅಂಕಲ್, ಪರವಾಗಿಲ್ಲ. ಆದರೆ ಮಾರನೇ ಬೆಳಿಗ್ಗೆ ಹೊತ್ತಿಗೆ ಅದು ಇಳಿದಿರಬೇಕು. ದಿನಾ ಎದ್ದು ಇಡುವ ಮೊದಲ ಹೆಜ್ಜೆಗೆ ಮಾರ್ಕ್ಸ್ ಕೊಟ್ಟು ಬರೆದಿಡಿ. ಬರೆದಿಡುವುದನ್ನು ಕಂಡಕ್ಟರಿಗೆ ಕಲಿಸಬೇಕಾ? ಒಂದು ನೋಟ್‌ಬುಕ್ಕಿಗೆ, ಬಸ್ಸಿನಲ್ಲಿ ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್ ಥರ ಗೆರೆ ಹಾಕಿದೆ. ಸ್ಟೇಜ್ ಹೆಸರಿನ ಜಾಗದಲ್ಲಿ ತಾರೀಕು, ಟಿಕೆಟ್ ಸಂಖ್ಯೆಯ ಜಾಗದಲ್ಲಿ ಹಿಮ್ಮಡಿ ಇಳಿಸಿದ ಲೆಕ್ಕ, ಕೊನೆಯ ಕಾಲಮ್ಮಿನಲ್ಲಿ ಬೆಳಗಿನ ನೋವು. 12 ವಾರ, 84 ದಿನ, 15,120 ಸಲ. ಒಂದು ದಿನವೂ ಲೆಕ್ಕ ತಪ್ಪಿಲ್ಲ. ಸುಳ್ಳು ಬರೆದ ದಿನ ಮಾತ್ರ ಒಂದಿದೆ. ಏಪ್ರಿಲ್‌ನಲ್ಲಿ ಆರು ಇದ್ದದ್ದನ್ನು ನಾಲ್ಕು ಅಂತ ಬರೆದೆ. ಚೆಕ್ಕಿಂಗ್‌ನವರು ಹತ್ತುವುದಿಲ್ಲವಲ್ಲ ಅನ್ನುವ ಧೈರ್ಯ. ಮೂರು ದಿನ ಕುಂಟಿದೆ.

ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಓಡಲು ಅನುಮತಿ ಸಿಕ್ಕಿತು. ಓಟ ಅಂದರೆ ಏನು? ಒಂದು ನಿಮಿಷ ಓಡುವುದು, ನಾಲ್ಕು ನಿಮಿಷ ನಡೆಯುವುದು. ನಿಜ ಹೇಳುತ್ತೇನೆ, ಆ 15,120ಕ್ಕಿಂತ ಇದೇ ಕಷ್ಟವಾಯಿತು. ಓಡುವಾಗ ಯಾರೂ ಮಾತಾಡಿಸುತ್ತಿರಲಿಲ್ಲ. ನಡೆದರೆ ಪ್ರತಿ ಜೀಪೂ ನಿಲ್ಲುತ್ತದೆ. "ಬಸ್ ಮಿಸ್ ಆಯ್ತಾ ಕಂಡಕ್ಟ್ರೇ? ಹತ್ತಿ ಹತ್ತಿ." ಸುರಿಯುವ ಮಳೆಯಲ್ಲಿ ಬಾಗಿಲು ತೆರೆದು ಕರೆಯುವವರಿಗೆ, ಇಲ್ಲ, ನಾನು ಬೇಕಂತಲೇ ನೆನೆಯುತ್ತಿದ್ದೇನೆ ಅಂತ ಹೇಗೆ ಹೇಳುವುದು? ಎರಡು ಸಲ ಹತ್ತಿಯೇ ಬಿಟ್ಟೆ. ರೋಡಿನ ಬದಿ ಹುಲ್ಲಿಗೆ ಕಾಲಿಟ್ಟರೆ ಜಿಗಣೆ. ಮೊದಲು ನನ್ನ ವೇಗಕ್ಕೆ ಅವು ಹತ್ತುತ್ತಿರಲಿಲ್ಲ ಅಂತ ನಾನು ಜಂಬ ಕೊಚ್ಚುವುದುಂಟು, ನನ್ನ ಹೆಂಡತಿ ನಂಬುವುದಿಲ್ಲ.

ಆ ದಿನಗಳಲ್ಲಿ ಕೆನಡಾದ ಎಡ್ ವಿಟ್ಲಾಕ್ ವಿಷಯ ಓದಿದೆ. 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರೊಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಓಡಿದ ಮನುಷ್ಯ. ಪೆಟ್ಟಾಗಿ ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಅವರಿಗೂ ತಪ್ಪಿರಲಿಲ್ಲ. ಆದರೂ 85ರಲ್ಲಿ ಅದೇ ಊರಲ್ಲಿ 4 ಗಂಟೆಯ ಒಳಗೆ ಮುಗಿಸಿದರು. ಪ್ರಾಕ್ಟೀಸ್ ಎಲ್ಲಿ ಗೊತ್ತಾ? ಮನೆ ಹತ್ತಿರದ ಸ್ಮಶಾನದಲ್ಲಿ, ಸುತ್ತು ಸುತ್ತು. ಇದನ್ನು ಹೆಂಡತಿಗೆ ಓದಿ ಹೇಳಿದೆ. "ನೀವು ಜೀಪಿನಲ್ಲೇ ಬನ್ನಿ" ಅಂದಳು.

ಮುಂದಿನ ವರ್ಷವೂ ಫುಲ್ ಬೇಡ ಅಂದಳು ಫಿಸಿಯೋ ಹುಡುಗಿ. ಸಿಟ್ಟು ಬಂತು, ಆದರೂ ಅವಳ ಮಾತು ಕೇಳಿದೆ. ಹಾಗಾಗಿ ಪೆಟ್ಟಾಗಿ ಎರಡು ವರ್ಷ ಎರಡು ತಿಂಗಳ ಮೇಲೆ, ಜನವರಿಯಲ್ಲಿ, ಮುಂಬೈ ಮ್ಯಾರಥಾನಿಗೆ ನಿಂತೆ. ಮನೆಯಲ್ಲಿ ಕಾಫಿ ಕೊಯ್ಲು. ಇರುವುದು ಒಂದೂವರೆ ಎಕರೆ, ಆದರೂ ಕೊಯ್ಲು ಕೊಯ್ಲೇ. ಹೊರಡುವಾಗ ನನ್ನ ಹೆಂಡತಿ ಕಣದಲ್ಲಿ ಕಾಫಿ ಹರವುತ್ತಿದ್ದಳು, ತಲೆ ಎತ್ತಲಿಲ್ಲ.

ಮುಂಬೈ ರೋಡು ಚಪ್ಪಟೆ. ಕತ್ತಲಲ್ಲೇ ಬಿಟ್ಟರು. ಹತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲಿನಿಂದಲೇ. ಮೊದಲ ಸಲ ನಡೆಯಲು ಶುರು ಮಾಡಿದಾಗ ಹಿಂದಿನ ಹುಡುಗ, "ಕಮಾನ್ ಅಂಕಲ್" ಅಂದ. ಅವನಿಗೆ ನನ್ನ ವೇ ಬಿಲ್ ಗೊತ್ತಿಲ್ಲ. 35 ಕಿಲೋಮೀಟರ್ ಆದ ಮೇಲೆ ಪೆಡ್ಡರ್ ರೋಡಿನ ಏರು ಬರುತ್ತದೆ, ಮುಂಬೈಯವರು ಅದನ್ನು ಭೂತದ ಹಾಗೆ ವರ್ಣಿಸುತ್ತಾರೆ. ಮಡಿಕೇರಿಯವರಿಗೆ ಅದು ಏರಾ ಅಂತ ನಕ್ಕಿದ್ದೆ. ಎದುರು ಬಂದಾಗ ನಗು ಬರಲಿಲ್ಲ. ಹಿಮ್ಮಡಿ ಹಳೆಯ ಜಾಗದಲ್ಲೇ ಚುರುಕ್ ಅಂತು. ನಾಲ್ಕು, ಅಂದುಕೊಂಡೆ. ಐದಾದರೆ? ಏರು ಪೂರ್ತಿ ನಡೆದೆ. ಬದಿಯಲ್ಲಿ ನಿಂತ ಅಜ್ಜಿಯೊಬ್ಬರು ಕಿತ್ತಳೆ ತೊಳೆ ಕೊಟ್ಟರು. ಕೊಡಗಿನವನಿಗೆ ಮುಂಬೈ ಕಿತ್ತಳೆ! ತಿಂದೆ, ಚೆನ್ನಾಗಿತ್ತು.

ಮ್ಯಾರಥಾನ್ ಅಂದರೆ 42 ಕಿಲೋಮೀಟರ್, ಮೇಲೆ 195 ಮೀಟರ್ ಚಿಲ್ಲರೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಸಿದ್ದಕ್ಕೆ ಬಂದ ಲೆಕ್ಕ ಅದು, 1921ರಲ್ಲಿ ಕಾಯಂ ಆಯಿತು. ಜೀವಮಾನವೆಲ್ಲ ಚಿಲ್ಲರೆಗೆ ಜಗಳ ಆಡಿದವನು ನಾನು. ಆ 195 ಮೀಟರ್ ಮಾತ್ರ ಎಲ್ಲೂ ನಡೆಯದೆ ಓಡಿದೆ. 5 ಗಂಟೆ 22 ನಿಮಿಷ. ಹಳೆಯ ಟೈಮಿಗಿಂತ ಒಂದು ಗಂಟೆ ಹನ್ನೊಂದು ನಿಮಿಷ ಜಾಸ್ತಿ.

ಆದರೆ ಆವತ್ತು ಖುಷಿ ಪಡಲಿಲ್ಲ. ಲೆಕ್ಕ ಇನ್ನೂ ಬಾಕಿ ಇತ್ತಲ್ಲ. ರಾತ್ರಿ ಲಾಡ್ಜಿನಲ್ಲಿ ಸರಿಯಾಗಿ ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಬಲಗಾಲನ್ನು ತಣ್ಣನೆ ಟೈಲ್ಸ್ ಮೇಲೆ ಇಟ್ಟು, ಎದ್ದು ನಿಂತು, ಒಂದು ಹೆಜ್ಜೆ ಹಾಕಿದೆ. ತೊಡೆ ಎರಡೂ ಕಲ್ಲಾಗಿತ್ತು. ಹಿಮ್ಮಡಿ? ಎರಡು. ಇನ್ನೊಂದು ಹೆಜ್ಜೆ ಹಾಕಿ ನೋಡಿದೆ. ಎರಡೇ. ನೋಟ್‌ಬುಕ್ ತೆಗೆದು ಬರೆದೆ, ಮನೆಗೆ ಫೋನ್ ಮಾಡಿದೆ.

"ಎರಡು" ಅಂದೆ.

"ಇಲ್ಲಿ ಆರು ಮೂಟೆ ಆಯ್ತು" ಅಂದಳು. "ಆಳು ಸಾಲದು. ಬೇಗ ಬನ್ನಿ."