ಬೇಸ್‌ಬಾಲ್ ಗ್ಲೌಸ್‌ಗೆ ಯಾವ ವೆಬ್? ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಆ ಜಾಗದ ಕಥೆ

[ಪರದೆಯ ಮೇಲೆ: ಮೇಜಿನ ಮೇಲೆ ಒಂದೇ ಅಳತೆಯ ನಾಲ್ಕು ಗ್ಲೌಸ್‌ಗಳು]

ನಮಸ್ಕಾರ. ಈ ನಾಲ್ಕು ಗ್ಲೌಸ್‌ಗಳನ್ನು ಒಮ್ಮೆ ಗಮನವಿಟ್ಟು ನೋಡಿ. ನಾಲ್ಕೂ 12 ಇಂಚಿನವು, ನಾಲ್ಕೂ ಎಡಗೈಗೆ ತೊಡುವಂಥವು, ನಾಲ್ಕೂ ದನದ ಚರ್ಮದವು. ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುವ ವೆಬ್ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಒಂದರಲ್ಲಿ ಆಚೆ ಬದಿಯ ಬೆಳಕು ಕಾಣುತ್ತದೆ, ಇನ್ನೊಂದರಲ್ಲಿ ಸೂಜಿ ತೂರುವಷ್ಟೂ ಸಂದಿಯಿಲ್ಲ.

ಅಮೆರಿಕದಲ್ಲಿ ನೆಲೆಸಿ ಮಕ್ಕಳನ್ನು ಲಿಟಲ್ ಲೀಗ್ ಬೇಸ್‌ಬಾಲಿಗೋ ಸಾಫ್ಟ್‌ಬಾಲಿಗೋ ಸೇರಿಸಿರುವ ಕನ್ನಡಿಗ ವೀಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದರ ಬಗ್ಗೆಯೇ ಇದೆ. ಅಂಗಡಿಯವರು ಐ, ಎಚ್, ಟ್ರಾಪೀಜ್, ಬಾಸ್ಕೆಟ್ ಎಂದು ಹೆಸರು ಹೇಳುತ್ತಾ ಹೋಗುತ್ತಾರೆ, ಆರಿಸುವುದು ಹೇಗೆ? ಈ ಪ್ರಶ್ನೆಯ ಒಳಗೇ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಪ್ರಶ್ನೆ ಇದೆ. ಕ್ರಿಕೆಟ್‌ನ ವಿಕೆಟ್‌ಕೀಪರ್ ತೊಡುವ ಗ್ಲೌಸ್‌ನಲ್ಲಿಯೂ ಅದೇ ಜಾಗದಲ್ಲಿ ವೆಬ್ ಇರುತ್ತದೆ. ಸೈಯದ್ ಕಿರ್ಮಾನಿ, ರಾಹುಲ್ ದ್ರಾವಿಡ್, ಕೆ. ಎಲ್. ರಾಹುಲ್ ಅವರು ಕೀಪಿಂಗ್ ಮಾಡಿದ್ದನ್ನು ನೋಡಿದ ನಾವು ಅವರ ವೆಬ್ ಯಾವ ಮಾದರಿಯದು ಎಂದು ಎಂದಾದರೂ ಚರ್ಚಿಸಿದ್ದೇವೆಯೇ? ಇಲ್ಲ. ಹಾಗಾದರೆ ಬೇಸ್‌ಬಾಲ್‌ನಲ್ಲಿ ಮಾತ್ರ ಇಷ್ಟೊಂದು ಬಗೆ ಏಕೆ?

ಉತ್ತರ ನಿಯಮದ ಪುಸ್ತಕದಲ್ಲಿದೆ. ಕ್ರಿಕೆಟ್‌ನ 27ನೆಯ ನಿಯಮದ ಪ್ರಕಾರ ಕೀಪರ್‌ನ ಗ್ಲೌಸ್‌ನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾತ್ರ, ಅದೂ ಆಧಾರಕ್ಕಾಗಿ ಮಾತ್ರ, ವೆಬ್ ಇರಬಹುದು. ಅದು ಹಿಗ್ಗದ ಒಂದೇ ತುಂಡಾಗಿರಬೇಕು. ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಬಿಗಿಯಾಗಿ ನಿಲ್ಲಬೇಕು. ಅದರ ಮೇಲಂಚು ಎರಡು ಬೆರಳ ತುದಿಗಳನ್ನು ಸೇರಿಸುವ ನೇರ ಗೆರೆಯನ್ನು ದಾಟಬಾರದು. ಇಷ್ಟು ಕಟ್ಟುಪಾಡಿನ ಒಳಗೆ ಹೊಸ ವಿನ್ಯಾಸಕ್ಕೆ ಅವಕಾಶವೆಲ್ಲಿ? ಬೇಸ್‌ಬಾಲ್‌ನಲ್ಲಿ ಒಂಬತ್ತೂ ಫೀಲ್ಡರ್‌ಗಳು ಗ್ಲೌಸ್ ತೊಡುತ್ತಾರೆ. ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ನಿಯಮವು ಸಾಮಾನ್ಯ ಫೀಲ್ಡರ್‌ನ ಗ್ಲೌಸ್‌ನಲ್ಲಿ ಆ ಸಂದಿ ಮೇಲ್ಭಾಗದಲ್ಲಿ ನಾಲ್ಕೂವರೆ ಇಂಚು ಅಗಲ ಮತ್ತು ಐದೂಮುಕ್ಕಾಲು ಇಂಚು ಆಳವನ್ನು ಮೀರಬಾರದು ಎನ್ನುತ್ತದೆ. ಆ ಚೌಕಟ್ಟಿನೊಳಗೆ ಎರಡು ಪದರ ಚರ್ಮದಿಂದ ಪೂರ್ತಿ ಮುಚ್ಚುವುದಕ್ಕೂ, ಚರ್ಮದ ಪಟ್ಟಿಗಳನ್ನು ಜೋಡಿಸುವುದಕ್ಕೂ, ಬರೀ ದಾರದಿಂದ ಹೆಣೆಯುವುದಕ್ಕೂ ಅದು ಅವಕಾಶ ಕೊಡುತ್ತದೆ. ಕ್ರಿಕೆಟ್‌ನಲ್ಲಿ ವೆಬ್ ಬೆರಳಿಗೆ ಊರುಗೋಲಾದರೆ, ಬೇಸ್‌ಬಾಲ್‌ನಲ್ಲಿ ಚೆಂಡನ್ನು ಹಿಡಿಯುವುದೇ ವೆಬ್.

ಮೊದಲಿನಿಂದಲೂ ಹೀಗಿರಲಿಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

[ಪರದೆಯ ಮೇಲೆ: ಹತ್ತೊಂಬತ್ತನೆಯ ಶತಮಾನದ ಚಪ್ಪಟೆ ಗ್ಲೌಸ್‌ನ ರೇಖಾಚಿತ್ರ]

1870ರ ದಶಕದವರೆಗೂ ಬೇಸ್‌ಬಾಲ್ ಬರಿಗೈಯ ಆಟವಾಗಿತ್ತು. ಆಮೇಲೆ ಬಂದ ಗ್ಲೌಸ್‌ಗಳು ಅಂಗೈಗೆ ಪೆಟ್ಟಾಗದಿರಲಿ ಎಂದು ತೊಟ್ಟ ಚರ್ಮದ ಹೊದಿಕೆಗಳಷ್ಟೇ. ಮುಂದೆ ಅವುಗಳಿಗೆ ಮೆತ್ತೆ ಸೇರಿತು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಸಣ್ಣ ಪಟ್ಟಿಯೋ ದಾರವೋ ಬಂತು. ಆದರೂ ಚೆಂಡನ್ನು ಹಿಡಿಯುತ್ತಿದ್ದುದು ಅಂಗೈಯೇ. ಆಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಬಿಲ್ ಡೋಕ್ ಎಂಬ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ, ಇದ್ದರು. ಚೆಂಡಿಗೆ ಎಂಜಲು ಸವರಿ ಎಸೆಯುವ ಸ್ಪಿಟ್‌ಬಾಲ್ ಅವರ ಮುಖ್ಯ ಅಸ್ತ್ರ. 1920ರಲ್ಲಿ ಆ ಎಸೆತವನ್ನು ನಿಷೇಧಿಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ 17 ಪಿಚರ್‌ಗಳಿಗೆ ವೃತ್ತಿಜೀವನ ಮುಗಿಯುವವರೆಗೆ ವಿನಾಯಿತಿ ದೊರೆಯಿತು. ಡೋಕ್ ಅವರಲ್ಲಿ ಒಬ್ಬರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅವರು ತಮ್ಮ ತಂಡದ ಊರಿನದೇ ಆದ ರಾಲಿಂಗ್ಸ್ ಕಂಪನಿಗೆ ಹೊಸ ಗ್ಲೌಸ್‌ನ ವಿನ್ಯಾಸವೊಂದನ್ನು ಒಯ್ದರು: ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರಗಳನ್ನು ಸಾಲುಸಾಲಾಗಿ ಹೆಣೆದು, ಅಲ್ಲಿ ಚೆಂಡು ಕೂರುವಂಥ ಗುಳಿಯನ್ನು ಮಾಡಬೇಕು.

ನೋಡುವುದಕ್ಕೆ ಇದು ಸಣ್ಣ ಬದಲಾವಣೆ. ಆದರೆ ಅದರ ಪರಿಣಾಮವನ್ನು ಯೋಚಿಸಿ ನೋಡಿ. ಅಂಗೈಗೆ ಬಡಿದ ಚೆಂಡು ಗಟ್ಟಿಯಾದ ನೆಲೆಗೆ ಬಡಿದಂತೆ ಪುಟಿಯುತ್ತದೆ. ಅದು ಹೊರಗೆ ಹಾರುವ ಮೊದಲು ಬೆರಳು ಮಡಚಬೇಕು, ಇಲ್ಲವೇ ಇನ್ನೊಂದು ಕೈ ಬಂದು ಮುಚ್ಚಬೇಕು. ದಾರದ ಹೆಣಿಗೆಗೆ ಬಡಿದ ಚೆಂಡಾದರೆ ದಾರವನ್ನು ಹಿಂದಕ್ಕೆ ಜಗ್ಗುತ್ತಾ ತನ್ನ ವೇಗವನ್ನು ತಾನೇ ಕಳೆದುಕೊಳ್ಳುತ್ತದೆ, ಮತ್ತು ಆ ಜಗ್ಗುವಿಕೆಯಿಂದಲೇ ಹೆಬ್ಬೆರಳು ಹಾಗೂ ತೋರುಬೆರಳಿನ ಭಾಗಗಳು ಒಳಕ್ಕೆ ಬಾಗಿ ಚೆಂಡನ್ನು ಮುಚ್ಚಿಕೊಳ್ಳುತ್ತವೆ. ಕೈಯನ್ನು ಕಾಪಾಡುವುದಕ್ಕೆಂದು ಹುಟ್ಟಿದ ವಸ್ತು ಹೀಗೆ ಚೆಂಡು ಹಿಡಿಯುವ ಉಪಕರಣವಾಯಿತು. ಒಂದೇ ಕೈಯಲ್ಲಿ, ಮೈಚಾಚಿ, ಓಡುತ್ತಲೇ ಹಿಡಿಯುವ ಆಟಕ್ಕೆ ದಾರಿ ತೆರೆಯಿತು. ಡೋಕ್ ಹೆಸರಿನ ಗ್ಲೌಸ್ ಅವರು ಆಟ ಬಿಟ್ಟ ಎಷ್ಟೋ ವರ್ಷಗಳ ಬಳಿಕವೂ ಮಾರಾಟವಾಗುತ್ತಿತ್ತು. ಇಂದು ನಾವು ಕಾಣುವ ಪ್ರತಿಯೊಂದು ವೆಬ್ ಕೂಡ ಆ ಹೆಣಿಗೆಯ ಸಂತತಿ. ನನ್ನ ದೃಷ್ಟಿಯಲ್ಲಿ ಬೇಸ್‌ಬಾಲ್‌ನ ಇತಿಹಾಸದಲ್ಲಿ ಇಷ್ಟು ಕಡಿಮೆ ಚರ್ಮದಿಂದ ಇಷ್ಟು ದೊಡ್ಡ ಬದಲಾವಣೆ ತಂದ ಇನ್ನೊಂದು ವಿನ್ಯಾಸವಿಲ್ಲ, ಮತ್ತು ಡೋಕ್ ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಒಮ್ಮೆ ಬಾಗಿಲು ತೆರೆದ ಮೇಲೆ ಆಸೆ ಬೆಳೆಯದೆ ಇರುತ್ತದೆಯೇ? 1930ರ ದಶಕದ ಕೊನೆಗೆ ಡೆಟ್ರಾಯಿಟ್ ಟೈಗರ್ಸ್ ತಂಡದ ಫಸ್ಟ್ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ನೆಲೆ) ಕಾಯುವ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ತೊಡುತ್ತಿದ್ದ ಮಿಟ್‌ನ, ಅಂದರೆ ಬೆರಳುಗಳು ಬಿಡಿಬಿಡಿಯಾಗಿರದ ಗ್ಲೌಸ್‌ನ, ವೆಬ್ ಮೀನಿನ ಬಲೆಯಂತೆ ಕಾಣುವಷ್ಟು ದೊಡ್ಡದಾಗಿ ವಿವಾದಕ್ಕೆ ಕಾರಣವಾಯಿತು, ಮತ್ತು 1939ಕ್ಕೆ ಮಿಟ್‌ನ ಅಳತೆಗೆ ಮಿತಿ ಬಂತು. ದಾರವನ್ನು ಸುತ್ತಿ ಬಲೆಯಂಥ ವೆಬ್ ಮಾಡಬಾರದು ಎಂಬ ಮಾತು ನಿಯಮದಲ್ಲಿ ಇಂದಿಗೂ ಇದೆ.

ಇನ್ನು ಆಯ್ಕೆಯ ವಿಷಯ. ವೆಬ್ ಆರಿಸುವಾಗ ಚೆಂಡು ಸಿಗುತ್ತದೆಯೇ ಎಂದು ಕೇಳಬೇಡಿ. ಒಳ್ಳೆಯ ಗ್ಲೌಸ್‌ನಲ್ಲಿ ಯಾವ ವೆಬ್ ಇದ್ದರೂ ಚೆಂಡು ಸಿಗುತ್ತದೆ. ಚೆಂಡು ಸಿಕ್ಕ ಮುಂದಿನ ಕ್ಷಣದಲ್ಲಿ ಆಟಗಾರ ಏನು ಮಾಡಬೇಕು ಎಂದು ಕೇಳಿ.

[ಪರದೆಯ ಮೇಲೆ: ಐ ವೆಬ್ ಹತ್ತಿರದಿಂದ, ಚೆಂಡನ್ನು ಹಾಕಿ ತೆಗೆಯುವ ದೃಶ್ಯ]

ಸೆಕೆಂಡ್ ಬೇಸ್ ಆಟಗಾರರನ್ನು ಮತ್ತು ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಟಗಾರರನ್ನು ತೆಗೆದುಕೊಳ್ಳಿ. ಒಂದೇ ಹೊಡೆತದಲ್ಲಿ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇಯಲ್ಲಿ ಒಬ್ಬರು ನೆಲದ ಚೆಂಡನ್ನು ಹೆಕ್ಕಿ ಇನ್ನೊಬ್ಬರಿಗೆ ಕೊಡಬೇಕು, ಅವರು ಬೇಸ್ ಮುಟ್ಟಿ ಫಸ್ಟ್ ಬೇಸ್‌ಗೆ ಎಸೆಯಬೇಕು. ಮೇಜರ್ ಲೀಗ್‌ನಲ್ಲಿ ಬ್ಯಾಟರ್ 90 ಅಡಿ ಓಡಿ ಫಸ್ಟ್ ಬೇಸ್ ತಲುಪುವುದಕ್ಕೆ ಸುಮಾರು ನಾಲ್ಕೂಕಾಲು ಸೆಕೆಂಡು ಸಾಕು; ಅಷ್ಟರೊಳಗೆ ಇದೆಲ್ಲ ಮುಗಿಯಬೇಕು. ಚೆಂಡು ವೆಬ್‌ನ ಆಳದಲ್ಲಿ ಸಿಕ್ಕಿಕೊಂಡು ಬೆರಳುಗಳು ಅದಕ್ಕಾಗಿ ತಡಕಾಡಿದರೆ ಕೆಲಸ ಕೆಟ್ಟಿತು. ಆದ್ದರಿಂದಲೇ ಇವರ ಗ್ಲೌಸ್ 11.25ರಿಂದ 11.75 ಇಂಚಿನಷ್ಟು ಚಿಕ್ಕದು, ಚೆಂಡು ಕೂರುವ ಗುಳಿ, ಅಂದರೆ ಪಾಕೆಟ್, ಆಳವಿಲ್ಲದ್ದು, ವೆಬ್ ಹೆಚ್ಚಾಗಿ ಐ ಮಾದರಿಯದು. ಐ ವೆಬ್‌ನಲ್ಲಿ ಮೇಲೊಂದು ಅಡ್ಡಪಟ್ಟಿ, ನಡುವೆ ಒಂದು ನೆಟ್ಟನೆಯ ಪಟ್ಟಿ, ಅದರ ಎರಡೂ ಬದಿಗೆ ಸಂದಿ. ನೆಲದಿಂದ ಚೆಂಡಿನ ಜೊತೆಗೆ ಎದ್ದುಬಂದ ಮಣ್ಣು ಜರಡಿ ಹಿಡಿದಂತೆ ಆ ಸಂದಿಗಳಿಂದ ಉದುರಿಹೋಗಿ, ಕೈಗೆ ಬರೀ ಚೆಂಡು ಸಿಗುತ್ತದೆ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಸೆಕೆಂಡ್ ಬೇಸ್ ಆಟಗಾರರಾಗಿದ್ದ ಡಸ್ಟಿನ್ ಪೆಡ್ರೊಯಾ ಹೆಸರಿನಲ್ಲಿ ವಿಲ್ಸನ್ ಕಂಪನಿ ತಯಾರಿಸಿದ ಡಿಪಿ15 ಮಾದರಿ ಇಂಥ ಐ ವೆಬ್‌ನ ಹೆಸರಾಂತ ಉದಾಹರಣೆ.

ಪಿಚರ್‌ನ ಅಗತ್ಯ ಇದಕ್ಕೆ ತದ್ವಿರುದ್ಧ. ಚೆಂಡು ಎಸೆಯುವ ಮೊದಲು ಪಿಚರ್ ಗ್ಲೌಸ್‌ನ ಒಳಗೆ ಬೆರಳುಗಳನ್ನು ಜೋಡಿಸಿಕೊಳ್ಳುತ್ತಾರೆ. ಕರ್ವ್‌ಬಾಲ್‌ಗೆ ಒಂದು ಹಿಡಿತ, ಚೇಂಜ್‌ಅಪ್‌ಗೆ ಇನ್ನೊಂದು. ಸಂದಿಯಿರುವ ವೆಬ್ ತೊಟ್ಟರೆ ಬ್ಯಾಟರ್ ಆಗಲಿ, ಬೇಸ್ ಬಳಿ ನಿಂತ ಕೋಚ್ ಆಗಲಿ ಆ ಹಿಡಿತವನ್ನು ಕಂಡು ಮುಂದಿನ ಎಸೆತವನ್ನು ಊಹಿಸಬಹುದು. ಆದ್ದರಿಂದ ಪಿಚರ್‌ಗೆ ಪೂರ್ತಿ ಮುಚ್ಚಿದ ಎರಡು ತುಂಡಿನ ವೆಬ್ ಅಥವಾ ಚರ್ಮದ ಪಟ್ಟಿಗಳನ್ನು ಒತ್ತಾಗಿ ಹೆಣೆದ ಬಾಸ್ಕೆಟ್ ವೆಬ್ ಬೇಕು. ಮುಚ್ಚಿದ ವೆಬ್‌ಗೆ ಚರ್ಮ ಹೆಚ್ಚು ಹಿಡಿಯುವುದರಿಂದ ಗ್ಲೌಸ್ ತುಸು ಭಾರವಾಗುತ್ತದೆ, ಪಳಗುವುದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಗುಟ್ಟು ಉಳಿಯಬೇಕಾದರೆ ಅಷ್ಟನ್ನು ತಾಳಿಕೊಳ್ಳಬೇಕು.

[ಪರದೆಯ ಮೇಲೆ: ಎಚ್ ಮತ್ತು ಟ್ರಾಪೀಜ್ ವೆಬ್ ಅಕ್ಕಪಕ್ಕ, ಕ್ಯಾಮೆರಾ ಸಂದಿಯ ಮೂಲಕ ಆಕಾಶದತ್ತ]

ಔಟ್‌ಫೀಲ್ಡ್, ಅಂದರೆ ಬೇಸ್‌ಗಳಾಚೆಯ ಹೊರಮೈದಾನದ, ಆಟಗಾರರಿಗೆ ಸೂರ್ಯನೇ ದೊಡ್ಡ ಎದುರಾಳಿ. ಮೇಲೆದ್ದ ಚೆಂಡು ಬಿಸಿಲಿನೊಳಗೆ ಮರೆಯಾದಾಗ ಅವರು ಗ್ಲೌಸನ್ನು ಕಣ್ಣಿಗೆ ಅಡ್ಡ ಹಿಡಿದು, ವೆಬ್‌ನ ಸಂದಿಯಿಂದ ಚೆಂಡಿನ ಜಾಡು ಹಿಡಿಯುತ್ತಾರೆ. ಮುಚ್ಚಿದ ವೆಬ್ ಸೂರ್ಯನ ಜೊತೆಗೆ ಚೆಂಡನ್ನೂ ಮರೆಮಾಡುತ್ತದೆ. ಹಾಗಾಗಿ 12.5 ಅಥವಾ 12.75 ಇಂಚಿನ ಉದ್ದ ಗ್ಲೌಸ್‌ನಲ್ಲಿ ಎಚ್ ವೆಬ್ ಇಲ್ಲವೇ ಟ್ರಾಪೀಜ್ ವೆಬ್ ಇರುತ್ತದೆ. ಎಚ್ ವೆಬ್‌ನಲ್ಲಿ ಎರಡು ಗಟ್ಟಿಯಾದ ನೆಟ್ಟನೆಯ ಪಟ್ಟಿಗಳಿದ್ದು ಅದು ಬಿಗಿಯಾಗಿ ನಿಲ್ಲುತ್ತದೆ. ಬಿರುಸಿನ ಹೊಡೆತ ಎದುರಿಸುವ ಥರ್ಡ್ ಬೇಸ್ ಆಟಗಾರರೂ ಅದನ್ನು ಮೆಚ್ಚುತ್ತಾರೆ. ರಾಲಿಂಗ್ಸ್ ಕಂಪನಿ 1960ರ ಆಸುಪಾಸಿನಲ್ಲಿ ಆರು ಬೆರಳಿನ ಗ್ಲೌಸ್ ಎಂದು ಪ್ರಚಾರ ಮಾಡಿದ ಟ್ರಾಪೀಜ್‌ನಲ್ಲಿ, ನಡುವಿನ ಒಂದೇ ಚರ್ಮದ ಪಟ್ಟಿ ಎರಡೂ ಬದಿಗೆ ದಾರದಿಂದ ಜೋಡಿಸಿದ ಆರನೆಯ ಬೆರಳಿನಂತೆ ನಿಲ್ಲುತ್ತದೆ. ಚೆಂಡು ಬಿದ್ದೊಡನೆ ಅದು ಹಿಂದಕ್ಕೆ ಸರಿದು ಗುಳಿಯನ್ನು ಆಳವಾಗಿಸುತ್ತದೆ, ಆದ್ದರಿಂದ ಚಾಚಿದ ಕೈಯ ತುದಿಯಲ್ಲಿ ಸಿಕ್ಕ ಚೆಂಡೂ ಜಾರುವುದಿಲ್ಲ. ಔಟ್‌ಫೀಲ್ಡ್ ಆಟಗಾರ ಮೈಕ್ ಟ್ರೌಟ್ ಹೆಸರಿನ 12.75 ಇಂಚಿನ ರಾಲಿಂಗ್ಸ್ ಮಾದರಿಗೂ ಇದೇ ವೆಬ್. ಸಂದಿಯಿಂದ ಚೆಂಡು ಕಾಣುವುದಷ್ಟೇ ಮುಖ್ಯವೆನಿಸಿದರೆ ಎಚ್ ಅಥವಾ ಟ್ರಾಪೀಜ್ ಎರಡೂ ನಡೆಯುತ್ತವೆ. ಆದರೆ ಓಡಿ ಹೋಗಿ ಹಾರಿ ಹಿಡಿಯುವವರಿಗೆ ನನ್ನ ಮತ ಟ್ರಾಪೀಜ್‌ಗೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. 1887ರಲ್ಲಿ ಷಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್‌ನ ಒಳಾಂಗಣದಲ್ಲಿ ಸಾಫ್ಟ್‌ಬಾಲ್ ಹುಟ್ಟಿದಾಗ ಬಳಸಿದ ಮೊದಲ ಚೆಂಡು ಉಂಡೆಯಾಗಿ ಕಟ್ಟಿದ ಒಂದು ಬಾಕ್ಸಿಂಗ್ ಗ್ಲೌಸ್. ಅದೇ ನಗರದಲ್ಲಿ ಬೆಳೆದ 16 ಇಂಚು ಸುತ್ತಳತೆಯ ಚೆಂಡಿನ ಆಟವನ್ನು ಸಾಂಪ್ರದಾಯಿಕವಾಗಿ ಬರಿಗೈಯಲ್ಲೇ ಆಡುತ್ತಾರೆ. ಆದರೆ ನಿಮ್ಮ ಮಗಳು ಆಡುವ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನ ಚೆಂಡು ದೊಡ್ಡವರ ಮಟ್ಟದಲ್ಲಿ 12 ಇಂಚು ಸುತ್ತಳತೆಯದು. ಬೇಸ್‌ಬಾಲ್ 9 ಇಂಚಿನ ಆಸುಪಾಸಿನದು. ಅಣ್ಣನ ಹಳೆಯ ಬೇಸ್‌ಬಾಲ್ ಗ್ಲೌಸನ್ನು ತಂಗಿಗೆ ಕೊಟ್ಟರೆ ಚೆಂಡು ಪಾಕೆಟ್‌ನೊಳಗೆ ಪೂರ್ತಿ ಕೂರುವುದಿಲ್ಲ. ಸಾಫ್ಟ್‌ಬಾಲ್‌ಗೆಂದೇ ಮಾಡಿದ, ಅಗಲ ಮತ್ತು ಆಳ ಹೆಚ್ಚಿರುವ ಗ್ಲೌಸ್ ಕೊಳ್ಳಿ. ಒಳಮೈದಾನದಲ್ಲಿ ಆಡುವವರೂ ಇಲ್ಲಿ ಬೇಸ್‌ಬಾಲ್‌ನವರಿಗಿಂತ ದೊಡ್ಡ ಗ್ಲೌಸ್ ತೊಡುತ್ತಾರೆ. ಪಿಚರ್‌ಗೆ ಮುಚ್ಚಿದ ವೆಬ್, ಔಟ್‌ಫೀಲ್ಡ್‌ಗೆ ತೆರೆದ ವೆಬ್ ಎಂಬ ತರ್ಕ ಸಾಫ್ಟ್‌ಬಾಲ್‌ಗೂ ಅನ್ವಯಿಸುತ್ತದೆ. ಫಸ್ಟ್ ಬೇಸ್ ಮತ್ತು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವ ಆಟಗಾರ) ಮಿಟ್‌ಗಳು ಬೇರೆಯೇ ವರ್ಗ. ಮಗು ಆ ಸ್ಥಾನದಲ್ಲಿ ಖಾಯಂ ಆಗುವವರೆಗೆ ಅವುಗಳನ್ನು ಕೊಳ್ಳಬೇಕಾಗಿಲ್ಲ.

ಚಿಕ್ಕ ಮಕ್ಕಳಿಗೆ ಒಂದು ಪಂದ್ಯದಲ್ಲೇ ಮೂರು ಸ್ಥಾನ ಬದಲಾಗಬಹುದು. ಅವರಿಗೆ ವೆಬ್‌ಗಿಂತ ಮೊದಲು, ತಮ್ಮ ಕೈಯ ಬಲದಿಂದಲೇ ಮುಚ್ಚಲಾಗುವ ಮೆದುವಾದ ಗ್ಲೌಸ್ ಬೇಕು. ಅಂಗಡಿಯಲ್ಲಿ ಗ್ಲೌಸ್ ತೊಡಿಸಿ, ಚೆಂಡನ್ನು ವೆಬ್‌ಗೆ ಮೆಲ್ಲನೆ ಹಾಕಿ. ಮಗು ಇನ್ನೊಂದು ಕೈಯ ನೆರವಿಲ್ಲದೆ ಅದನ್ನು ಮುಚ್ಚಬೇಕು, ಆಮೇಲೆ ನೋಡದೆಯೇ ಚೆಂಡನ್ನು ಹೊರತೆಗೆಯಬೇಕು. ಈ ಎರಡೂ ಆದರೆ ಎಚ್ ಅಥವಾ ಐ ವೆಬ್‌ನ ಯಾವುದನ್ನಾದರೂ ಧೈರ್ಯವಾಗಿ ಕೊಳ್ಳಬಹುದು. ಮುಂದೆ ಮಗು ಪಿಚಿಂಗ್‌ಗೆ ಹೊರಳಿದರೂ ಗ್ಲೌಸ್ ಒಳ್ಳೆಯ ಚರ್ಮದ್ದಾಗಿದ್ದರೆ ಎಸೆಯಬೇಡಿ; ವೆಬ್ ದಾರದಿಂದ ಕಟ್ಟಿದ ಭಾಗವಾದ್ದರಿಂದ, ಗ್ಲೌಸ್ ರಿಪೇರಿ ಮಾಡುವವರು ಅದನ್ನು ಬಿಚ್ಚಿ ಆ ಗ್ಲೌಸ್‌ಗೆ ಹೊಂದುವ ಮುಚ್ಚಿದ ವೆಬ್ ಕಟ್ಟಿಕೊಡುತ್ತಾರೆ.